ಕೆಂಪು ದೀಪದ ಎರಡು ಮಾತು

ಈ ಪುಟದಲ್ಲಿ ನಾವು ತಿಂಗಳಿಗೊಮ್ಮೆ ಶರಣರ ಬದುಕಿನ ಒಂದು ಪ್ರಸಂಗವನ್ನೋ, ಗೃಹಸ್ಥರ ಆಚಾರದ ಒಂದು ಅಂಶವನ್ನೋ ಎತ್ತಿಕೊಂಡು ವಿಚಾರ ಮಾಡುತ್ತ ಬಂದಿದ್ದೇವೆ. ಈ ತಿಂಗಳು ಕಾರಿನ ದೀಪವೊಂದರ ವಿಷಯ ಬರೆಯಹೊರಟಿರುವುದನ್ನು ಕಂಡು ಕೆಲವರಿಗೆ ನಗು ಬಂದೀತು. ಮಠದಲ್ಲಿ ವ್ಯಾಕರಣ ತರ್ಕಗಳನ್ನು ಓದಿಕೊಂಡವರಿಗೂ ಯಂತ್ರಕ್ಕೂ ಎಲ್ಲಿಯ ಸಂಬಂಧ ಎಂದು ಕೇಳಿಯಾರು. ಸಂಬಂಧವಿದೆ. ತರ್ಕವನ್ನು ನಾಲ್ಕು ಜನರಿಗೆ ಪಾಠ ಹೇಳಿದ ನಾವೇ ಅದನ್ನು ನಡೆಯಲ್ಲಿ ತಪ್ಪಿದೆವು. ತಪ್ಪಿನ ಫಲವನ್ನು ಒಂದು ಇಡೀ ಕುಟುಂಬ ಉಣ್ಣಬೇಕಾಗಿತ್ತು. ಒಂದು ಹೆಣ್ಣುಮಗುವಿನ ವಿವೇಕದಿಂದ ಅದು ತಪ್ಪಿತು. ಹೇಳದೆ ಮುಚ್ಚಿಟ್ಟರೆ ಅದು ಎರಡನೆಯ ತಪ್ಪಾದೀತೆಂದು ಬರೆಯುತ್ತಿದ್ದೇವೆ.

ಕಳೆದ ಶ್ರಾವಣದಲ್ಲಿ ಸೋಮವಾರಕ್ಕೊಂದರಂತೆ ನಾಲ್ಕು ಊರುಗಳಲ್ಲಿ ಪ್ರವಚನ ಮಾಡಲು ಒಪ್ಪಿಕೊಂಡಿದ್ದೆವು. ಮೊದಲ ವಾರ ಹೊಳೆನರಸೀಪುರ, ಎರಡನೆಯ ವಾರ ಅರಕಲಗೂಡು, ಮೂರನೆಯ ವಾರ ಚನ್ನರಾಯಪಟ್ಟಣ, ಕೊನೆಯ ವಾರ ಹಾಸನ. ಹಾಸನದ ಶರಣರೊಬ್ಬರು ತಮ್ಮ ಮನೆಯ ಕಾರಿನಲ್ಲಿ ನಮ್ಮನ್ನು ಕರೆದೊಯ್ದು ಕರೆತರುವ ಸೇವೆಯನ್ನು ವಹಿಸಿಕೊಂಡರು. ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಅವರ ತಂದೆಯವರ ಕಾಲದಲ್ಲಿ ಕೊಂಡದ್ದು. ೧೫ ವರ್ಷ ತುಂಬಿದ ಮೇಲೆ ನೋಂದಣಿಯನ್ನು ನವೀಕರಿಸಿಕೊಂಡು, ಮನೆಯ ಹಸುವನ್ನು ನೋಡಿಕೊಂಡಂತೆ ನೋಡಿಕೊಂಡಿದ್ದಾರೆ. ನಮ್ಮ ಜಿಲ್ಲೆಯ ಊರುಗಳಲ್ಲಿ ಇಂಥ ಕಾರುಗಳು ಇನ್ನೂ ಅನೇಕ. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ ೮೦೦ರ ತಯಾರಿಕೆ ೨೦೧೪ರಲ್ಲಿ ನಿಂತಿತು. ಅಂಬಾಸಿಡರಿನ ತಯಾರಿಕೆಯೂ ಅದೇ ವರ್ಷ ನಿಂತಿತು. ತಯಾರಿಕೆ ನಿಂತರೂ ಮನೆಯ ಮುಂದಿನ ಚಪ್ಪರದ ಕೆಳಗೆ ಅವುಗಳ ಜೀವ ನಿಂತಿಲ್ಲ. ಮಗನ ಮದುವೆಗೆ, ಸೊಸೆಯ ಬಾಣಂತನಕ್ಕೆ, ಜಾತ್ರೆಗೆ, ಆಸ್ಪತ್ರೆಗೆ ಅವೇ ಹೊರಡಬೇಕು. ಆದುದರಿಂದ ಈ ಬರಹ ಮುಖ್ಯವಾಗಿ ಅಂಥ ಮನೆಗಳಿಗೆ.

ಕಾರು ನಡೆಸುತ್ತಿದ್ದವಳು ಶರಣರ ಮಗಳು. ಇಪ್ಪತ್ತೊಂದು ವರ್ಷ. ತಂದೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದುದರಿಂದ ಆ ತಿಂಗಳು ಚಾಲನೆಯ ಭಾರ ಅವಳದಾಯಿತು. ತಂದೆ ಹಿಂದೆ ಕುಳಿತುಕೊಂಡರು. ಹಿರಿಯರೆಂದು ನಮ್ಮನ್ನು ಮುಂದೆ ಕೂಡಿಸಿದರು. ನಮ್ಮ ಪುಸ್ತಕದ ಚೀಲವನ್ನು ಎರಡು ಆಸನಗಳ ನಡುವೆ ಇಟ್ಟುಕೊಂಡೆವು.

ಮೊದಲ ಸೋಮವಾರ ಹಾಸನ ಬಿಟ್ಟು ಹತ್ತು ನಿಮಿಷವಾಗಿರಬೇಕು, ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೊಂದು ಹತ್ತಿಕೊಂಡಿತು. ವೃತ್ತದೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಮಗು ಕಾರನ್ನು ಪಕ್ಕಕ್ಕೆ ತೆಗೆದುಕೊಂಡಳು. ತಂದೆ ಹಿಂದಿನಿಂದ ಬಗ್ಗಿ ನೋಡಿ, "ಗುರುಗಳೇ, ನಿಮ್ಮ ಚೀಲ ಹ್ಯಾಂಡ್‌ಬ್ರೇಕಿಗೆ ಒತ್ತಿಕೊಂಡಿದೆ. ಒಂದು ಹಲ್ಲು ಮೇಲೆ ಬಂದಿದೆ" ಎಂದರು. ಚೀಲ ಸರಿಸಿ ಹಿಡಿಯನ್ನು ಕೆಳಗೊತ್ತಿದೆವು. ದೀಪ ಆರಿತು. "ನಮ್ಮ ಗ್ರಂಥಗಳ ಭಾರಕ್ಕೆ ನಿಮ್ಮ ಕಾರೂ ಅಂಜಿತು" ಎಂದು ನಾವು ನಗೆಯಾಡಿದೆವು. ಎಲ್ಲರೂ ನಕ್ಕರು. ಹೇಮಾವತಿಯ ಸೇತುವೆ ದಾಟಿ ಹೊಳೆನರಸೀಪುರ ಸೇರಿದೆವು. ಪ್ರವಚನ ಚೆನ್ನಾಗಿ ನಡೆಯಿತು. ದೀಪದ ಅರ್ಥ ನಮಗೆ ತಿಳಿಯಿತೆಂದು ಅಂದೇ ಮನಸ್ಸು ತೀರ್ಮಾನಿಸಿಬಿಟ್ಟಿತು.

ಎರಡನೆಯ ಸೋಮವಾರ ಗೊರೂರಿನ ಮೇಲೆ ಅರಕಲಗೂಡಿಗೆ ಹೊರಟೆವು. ಅಣೆಕಟ್ಟೆಯ ಆಸುಪಾಸಿನ ತಿರುವೊಂದರಲ್ಲಿ ಅದೇ ದೀಪ ಮಿಣುಕಿತು. ನಾವು ಕೈಚಾಚಿ ಹ್ಯಾಂಡ್‌ಬ್ರೇಕನ್ನು ಕೆಳಗೊತ್ತಿದೆವು. ದೀಪ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಣುಕಿತು. ಮತ್ತೆ ಒತ್ತಿದೆವು. ಮತ್ತೆ ಆರಿತು. ಮೂರನೆಯ ಸಲ ಮಗು ಮೆಲ್ಲಗೆ ಹೇಳಿದಳು: "ತಾತ, ಇವತ್ತು ಚೀಲ ಹಿಂದೆ ಇದೆ. ತಿರುವಿನಲ್ಲಿ ಮತ್ತು ಬ್ರೇಕ್ ಒತ್ತಿದಾಗ ಮಾತ್ರ ಹತ್ತುತ್ತಿದೆ. ನೀವು ಒತ್ತುವುದಕ್ಕೆ ಮುಂಚೆಯೇ ಆರುತ್ತಿದೆ ಅನಿಸುತ್ತದೆ."

ನಾವು ಅವಳ ಮಾತನ್ನು ಕೇಳಿಸಿಕೊಂಡೆವು, ಆದರೆ ಕೇಳಲಿಲ್ಲ. "ಹಳೆಯ ಗಾಡಿ, ಹಿಡಿ ಸಡಿಲವಾಗಿದೆ, ಅಷ್ಟೇ" ಎಂದೆವು. ಅರಕಲಗೂಡಿನಲ್ಲಿ ಪ್ರಸಾದಕ್ಕೆ ಕುಳಿತಾಗ ಆ ಮಾತು ಮತ್ತೆ ಬಂದಿತು. ಯಾರೋ ಒಬ್ಬರು, "ಅಂಥ ಬಲ್ಬನ್ನು ಬಿಚ್ಚಿ ಇಟ್ಟುಬಿಟ್ಟರಾಯಿತು, ನಮ್ಮ ಗಾಡಿಯಲ್ಲಿ ಹಾಗೇ ಮಾಡಿದ್ದೇವೆ" ಎಂದರು. ನಾವು ತಲೆದೂಗಿ, "ಮಾಡಿಬಿಡಿ. ಪ್ರವಚನಕ್ಕೆ ಹೊರಟಾಗ ಚಿತ್ತಕ್ಕೆ ವಿಕ್ಷೇಪವಾಗುತ್ತದೆ" ಎಂದುಬಿಟ್ಟೆವು. ಆ ಮಾತು ಈಗಲೂ ನಮ್ಮ ಎದೆಯಲ್ಲಿ ಮುಳ್ಳಾಗಿದೆ. ನಮ್ಮ ಮೇಲಿನ ಗೌರವದಿಂದ ತಂದೆ ಮರುದಿನವೇ ಬಲ್ಬು ತೆಗೆಸಲು ಸಿದ್ಧರಾದರು. ಮಗಳು, "ಪರೀಕ್ಷೆ ಮುಗಿಯಲಿ ಅಪ್ಪ, ನಾನೇ ತೋರಿಸುತ್ತೇನೆ" ಎಂದು ಅದನ್ನು ಮುಂದೂಡಿದಳಂತೆ. ಹಿರಿಯರ ಮಾತನ್ನು ಎದುರಿಸಲಾರದೆ, ಒಪ್ಪಲೂ ಆರದೆ ಅವಳು ಕಂಡುಕೊಂಡ ದಾರಿ ಅದು.

ಮೂರನೆಯ ಸೋಮವಾರ ಚನ್ನರಾಯಪಟ್ಟಣಕ್ಕೆ ಹೊರಟಾಗ ಕಾರಿನಲ್ಲಿ ಜನ ಹೆಚ್ಚು. ಅವಳ ಅಜ್ಜಿ ಮತ್ತು ಅಕ್ಕನ ಎರಡು ಚಿಕ್ಕ ಮಕ್ಕಳು ಜೊತೆಗೂಡಿದ್ದರು. ಶಾಂತಿಗ್ರಾಮ ದಾಟಿದ ಮೇಲೆ ದೀಪ ಹತ್ತಿತು. ಈ ಸಲ ಮಿಣುಕಲಿಲ್ಲ. ಹತ್ತಿದ್ದು ಹತ್ತಿಯೇ ಉಳಿಯಿತು. ನಾವು ಹಿಡಿಯನ್ನು ಒತ್ತಿದೆವು, ಅದು ತಳಕ್ಕೇ ಇದ್ದಿತು. ಮಗು ಒಂದು ಮಾತೂ ಆಡದೆ ವೇಗ ತಗ್ಗಿಸಿ, ಗೇರು ಇಳಿಸಿ, ಹೆದ್ದಾರಿಯ ಅಂಚಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಳು. ನಿಂತ ಮೇಲೆ ಬ್ರೇಕಿನ ಪೆಡಲನ್ನು ಒತ್ತಿ ನೋಡಿದಳು. ದಿನವೂ ಅರ್ಧದಲ್ಲಿ ಗಟ್ಟಿಯಾಗುತ್ತಿದ್ದುದು ಅಂದು ಮೆತ್ತಗೆ ಬಹಳ ಕೆಳಗಿಳಿಯಿತು. "ತಾತ, ಇನ್ನು ಒಂದು ಮಾರೂ ಮುಂದಕ್ಕೆ ತೆಗೆದುಕೊಂಡು ಹೋಗುವುದಿಲ್ಲ. ಪ್ರವಚನ ತಡವಾದರೆ ನನ್ನನ್ನು ಬಯ್ಯಿರಿ" ಎಂದಳು.

ನಾವು ಬಯ್ಯುವ ಸ್ಥಿತಿಯಲ್ಲಿರಲಿಲ್ಲ. ಎದುರಿಗೆ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಹಿಂದೆ ಮಕ್ಕಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದವು. ಆ ಬಲ್ಬನ್ನು ತೆಗೆಸಿದ್ದರೆ? ಆ ಪ್ರಶ್ನೆಯನ್ನು ನಾವು ಯಾರಿಗೂ ಕೇಳಲಿಲ್ಲ. ನಮಗೆ ನಾವೇ ಕೇಳಿಕೊಂಡೆವು.

ಅಜ್ಜಿ ಮಕ್ಕಳೊಡನೆ ನಾವು ಬಸ್ಸು ಹತ್ತಿ ಚನ್ನರಾಯಪಟ್ಟಣ ಸೇರಿದೆವು. ಪ್ರವಚನ ಒಂದು ಗಂಟೆ ತಡವಾಯಿತು. ಕಾರನ್ನು ಬೇರೊಂದು ಗಾಡಿಯ ಮೇಲೆ ಹೇರಿಸಿಕೊಂಡು ತಂದರು. ಮರುದಿನ ಬೆಳಿಗ್ಗೆ ನಾವೂ ಗ್ಯಾರೇಜಿಗೆ ಹೋಗಿ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತೆವು. ವಯಸ್ಸಾದ ಮೇಸ್ತ್ರಿ. ಮಾತು ಕಡಿಮೆ. ಮೊದಲು ಅವರು ಗಾಡಿಯ ಹತ್ತಿರವೇ ಹೋಗಲಿಲ್ಲ. ಮಗುವನ್ನು ಕರೆದು, "ಯಾವಾಗ ಹತ್ತಿತು, ಯಾವಾಗ ಆರಿತು, ಒಂದೊಂದಾಗಿ ಹೇಳು ತಾಯಿ" ಎಂದರು. ಅವಳು ಮೂರು ವಾರದ ಕಥೆಯನ್ನೂ ಹೇಳಿದಳು. ಕೇಳಿದ ಮೇಲೆ, "ಹಿಂದಿನ ಚಕ್ರ ಬಿಚ್ಚಿ" ಎಂದು ಹುಡುಗನಿಗೆ ಹೇಳಿದರು. ಎಡಗಡೆಯ ಹಿಂಚಕ್ರದ ಒಳಮೈಯಲ್ಲಿ ಒದ್ದೆಯ ಗೆರೆ ಇಳಿದಿತ್ತು. ಡ್ರಮ್ ತೆಗೆದರೆ ಒಳಗೆ ಬ್ರೇಕ್ ಆಯಿಲ್ ಜಿನುಗಿ ಶೂಗಳೆರಡೂ ತೊಯ್ದಿದ್ದವು.

ಮೇಸ್ತ್ರಿಗಳು ನಮಗೆ ತಿಳಿಯಹೇಳಿದ್ದನ್ನು ಓದುಗರ ಉಪಯೋಗಕ್ಕೆ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಬ್ರೇಕಿನ ಪೆಡಲಿಗೂ ಚಕ್ರಕ್ಕೂ ನಡುವೆ ಇರುವುದು ಒಂದು ದ್ರವ. ಜನ ಅದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆ ದ್ರವವನ್ನು ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತುತ್ತದೆ. ಹಿಂದಿನ ಚಕ್ರದ ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಎಂಬ ಚಿಕ್ಕ ಭಾಗವಿದೆ. ಅದರೊಳಗಿನ ರಬ್ಬರ್ ಕಪ್ಪುಗಳು ವಯಸ್ಸಾದಂತೆ ಸವೆದು ದ್ರವವನ್ನು ಹೊರಗೆ ಬಿಡುತ್ತವೆ. ನಮ್ಮ ಕಾರಿನಲ್ಲಿ ಆದದ್ದು ಇದೇ. ಈ ವ್ಯವಸ್ಥೆಯನ್ನು ಎರಡು ಪ್ರತ್ಯೇಕ ಭಾಗಗಳಾಗಿ ಮಾಡಿರುತ್ತಾರೆ. ಒಂದು ಭಾಗದ ದ್ರವ ಸೋರಿದರೂ ಇನ್ನೊಂದರ ಬಲದಿಂದ ಗಾಡಿ ನಿಲ್ಲುವುದುಂಟು. ಆದರೆ ಪೆಡಲು ಬಹಳ ಕೆಳಗಿಳಿಯುತ್ತದೆ, ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆ ಹೆಚ್ಚಿನ ದೂರದಲ್ಲಿ ಎದುರಿಗೆ ಏನಿರುತ್ತದೆಂಬುದು ನಮ್ಮ ಕೈಯಲ್ಲಿಲ್ಲ.

ಎಂಜಿನ್ನಿನ ಕೋಣೆಯಲ್ಲಿ ಈ ದ್ರವದ ಪುಟ್ಟ ಡಬ್ಬಿ ಇರುತ್ತದೆ. ಅದರ ಮೈಮೇಲೆ ಮೇಲಿನದೊಂದು, ಕೆಳಗಿನದೊಂದು ಗೆರೆ. ಒಳಗೆ ದ್ರವದ ಮೇಲೆ ತೇಲುವ ಒಂದು ಬೆಂಡು. ದ್ರವ ತಗ್ಗಿದರೆ ಬೆಂಡು ಕೆಳಗಿಳಿದು ಸ್ವಿಚ್ಚು ಕೂಡಿಕೊಳ್ಳುತ್ತದೆ, ದೀಪ ಹತ್ತುತ್ತದೆ. ಹ್ಯಾಂಡ್‌ಬ್ರೇಕಿನ ಬುಡದಲ್ಲಿಯೂ ಒಂದು ಸ್ವಿಚ್ಚು ಇದೆ. ಹಿಡಿ ಎತ್ತಿದರೆ ಅದು ಕೂಡಿಕೊಂಡು ಅದೇ ದೀಪವನ್ನು ಹತ್ತಿಸುತ್ತದೆ. ಒಂದು ದೀಪ, ಎರಡು ಮಾತು. "ಹ್ಯಾಂಡ್‌ಬ್ರೇಕ್ ಬಿಟ್ಟಿಲ್ಲ" ಎಂಬುದು ಒಂದು. "ಬ್ರೇಕ್ ಆಯಿಲ್ ಇಲ್ಲ" ಎಂಬುದು ಇನ್ನೊಂದು. ಮೊದಲನೆಯದು ಮರೆವಿನ ಮಾತು, ಎರಡನೆಯದು ಪ್ರಾಣದ ಮಾತು.

ತಿರುವಿನಲ್ಲಿ ಮಿಣುಕಿದ್ದು ಏಕೆ? ದ್ರವ ಆಗಷ್ಟೇ ಕೆಳಗೆರೆಯ ಹತ್ತಿರಕ್ಕೆ ಬಂದಿತ್ತು. ಸಮನಾದ ದಾರಿಯಲ್ಲಿ ಬೆಂಡು ತೇಲುತ್ತಿತ್ತು. ತಿರುವಿನಲ್ಲಿ ದ್ರವ ಒಂದು ಪಕ್ಕಕ್ಕೆ, ಬ್ರೇಕ್ ಒತ್ತಿದಾಗ ಮುಂದಕ್ಕೆ ವಾಲುತ್ತಿತ್ತು. ಆಗ ಬೆಂಡು ತಗ್ಗಿ ದೀಪ ಹತ್ತುತ್ತಿತ್ತು. ತಿರುವು ಮುಗಿದರೆ ತಾನಾಗಿ ಆರುತ್ತಿತ್ತು. ಅದೇ ಹೊತ್ತಿಗೆ ನಮ್ಮ ಕೈ ಹಿಡಿಯ ಮೇಲಿರುತ್ತಿತ್ತು. ಆರಿಸಿದ್ದು ನಮ್ಮ ಕೈಯೆಂದು ನಾವು ಭಾವಿಸಿದೆವು.

ಕಾಗೆ ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಒಂದೇ ಗಳಿಗೆ ಒದಗಿದ್ದನ್ನು ಕಂಡು, ಕಾಗೆಯೇ ಹಣ್ಣು ಬೀಳಿಸಿತೆನ್ನುವ ಭ್ರಮೆಗೆ ಶಾಸ್ತ್ರದಲ್ಲಿ ಕಾಕತಾಳೀಯ ನ್ಯಾಯದ ದೃಷ್ಟಾಂತವನ್ನು ಕೊಡುತ್ತಾರೆ. ಅದನ್ನು ನಾವು ಎಷ್ಟು ಸಲ ಹೇಳಿಲ್ಲ! ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುವ ಎಳೆಯ ವಿದ್ಯಾರ್ಥಿಗೂ ತಿಳಿದ ವಿಷಯವಿದು: ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬಹುದು, ಬೆಂಕಿ ಕಂಡಲ್ಲೆಲ್ಲ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ಹ್ಯಾಂಡ್‌ಬ್ರೇಕ್ ಎತ್ತಿದರೆ ದೀಪ ಹತ್ತುವುದು ನಿಜ. ದೀಪ ಹತ್ತಿದ ಮಾತ್ರಕ್ಕೆ ಹ್ಯಾಂಡ್‌ಬ್ರೇಕೇ ಕಾರಣವೆಂಬುದು ನಿಜವಲ್ಲ. ಮೊದಲ ವಾರ ನಮ್ಮ ಅನುಮಾನ ಸರಿಯಾಗಿಯೇ ಇತ್ತು. ಒಮ್ಮೆ ಸರಿಯಾದದ್ದು ಎಂದೆಂದಿಗೂ ಸರಿಯೆಂದುಕೊಂಡದ್ದೇ ನಮ್ಮ ಹೇತ್ವಾಭಾಸ. ಮೇಸ್ತ್ರಿಗಳು ಇದನ್ನೇ ಒಂದು ಮಾತಿನಲ್ಲಿ ಹೇಳಿದರು: "ದೀಪ ಸುಳ್ಳು ಹೇಳಲಿಲ್ಲ ಸ್ವಾಮಿ. ನೀವು ಅರ್ಧ ಕೇಳಿದಿರಿ."

ಈಗ ಗೃಹಸ್ಥರು ತಮ್ಮ ಮನೆಯ ಕಾರಿನಲ್ಲಿ ಈ ದೀಪ ಕಂಡಾಗ ಏನು ಮಾಡಬೇಕು?

ಮೊದಲು ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿದೆಯೇ ನೋಡಬೇಕು. ಕೆಳಗಿದ್ದರೂ ದೀಪ ಹತ್ತಿದ್ದರೆ ಪೆಡಲನ್ನು ಒತ್ತಿ ನೋಡಬೇಕು. ಎಂದಿಗಿಂತ ಮೆತ್ತಗಿದ್ದರೆ ಅಥವಾ ಕೆಳಗಿಳಿದರೆ ಆ ಗಾಡಿಯನ್ನು ಅಲ್ಲಿಂದ ಚಲಿಸಕೂಡದು. ಪೆಡಲು ಗಟ್ಟಿಯಾಗಿದ್ದರೂ ಬಾನೆಟ್ ತೆರೆದು ಡಬ್ಬಿಯ ಗೆರೆಯನ್ನು ನೋಡಬೇಕು. ದ್ರವ ಕೆಳಗೆರೆಗಿಂತ ತಗ್ಗಿದ್ದರೆ ಕಾರಣ ಎರಡರಲ್ಲಿ ಒಂದು. ಮುಂದಿನ ಚಕ್ರದ ಪ್ಯಾಡುಗಳು ಸವೆದಂತೆ ಡಬ್ಬಿಯ ದ್ರವ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯುವುದು ಸಹಜ. ಆಗ ನೋಡಬೇಕಾದದ್ದು ಪ್ಯಾಡು. ಕೆಲವೇ ದಿನಗಳಲ್ಲಿ ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆ. ನಾಲ್ಕೂ ಚಕ್ರಗಳ ಒಳಮೈ, ಕೊಳವೆಗಳು, ಮಾಸ್ಟರ್ ಸಿಲಿಂಡರಿನ ಬುಡ, ಇವುಗಳಲ್ಲಿ ಒದ್ದೆಯನ್ನು ಹುಡುಕಬೇಕು. ಸೋರಿಕೆಯನ್ನು ಹುಡುಕದೆ ಬರಿಯ ದ್ರವ ತುಂಬಿಸಿ ದೀಪ ಆರಿಸುವುದೆಂದರೆ, ಜ್ವರದ ಮೂಲ ಬಿಟ್ಟು ಮೈಗೆ ತಣ್ಣೀರು ಹಾಕಿದಂತೆ.

ದ್ರವ ಮೇಲುಗೆರೆಯವರೆಗೆ ಇದ್ದೂ ದೀಪ ಆರದಿದ್ದರೆ ದೋಷ ಸ್ವಿಚ್ಚಿನದು ಅಥವಾ ತಂತಿಯದು. ಬಹುತೇಕ ಹಳೆಯ ಕಾರುಗಳಲ್ಲಿ ಇದನ್ನು ಸುಲಭವಾಗಿ ಬೇರ್ಪಡಿಸಬಹುದು. ಡಬ್ಬಿಯ ಮುಚ್ಚಳದ ತಂತಿಯನ್ನು ಕಳಚಿದಾಗ ದೀಪ ಆರಿದರೆ ದೋಷ ಡಬ್ಬಿಯ ಕಡೆ, ಬೆಂಡು ಮುಳುಗಿರಬಹುದು. ಆರದಿದ್ದರೆ ದೋಷ ಹ್ಯಾಂಡ್‌ಬ್ರೇಕಿನ ಸ್ವಿಚ್ಚಿನಲ್ಲಿದೆ, ಇಲ್ಲವೇ ತಂತಿಯ ಹೊದಿಕೆ ಸವೆದು ಅದು ಗಾಡಿಯ ಮೈಗೆ ತಾಗಿದೆ. ಇದಿದ್ದರೆ ಇದು, ಇದಿಲ್ಲದಿದ್ದರೆ ಇದಿಲ್ಲ ಎಂದು ಒಂದೊಂದಾಗಿ ನೋಡುವ ಈ ಕ್ರಮಕ್ಕೆ ನಮ್ಮ ಶಾಸ್ತ್ರದಲ್ಲಿ ಅನ್ವಯ ವ್ಯತಿರೇಕವೆಂದು ಹೆಸರು. ಮೇಸ್ತ್ರಿಗಳು ಹೆಸರು ತಿಳಿಯದೆಯೂ ಅದನ್ನೇ ಮಾಡುತ್ತಿದ್ದರು. ನಾವು ಹೆಸರು ತಿಳಿದೂ ಮಾಡಿರಲಿಲ್ಲ.

ಬ್ರೇಕ್ ಆಯಿಲ್ ಎಂಬ ಹೆಸರನ್ನು ಕೇಳಿ ಯಾವುದೋ ಎಣ್ಣೆಯನ್ನು ಹಾಕಬಾರದು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಭಾಗಗಳೆಲ್ಲ ಉಬ್ಬಿ ಕೆಡುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ ೩ ಅಥವಾ ಡಾಟ್ ೪ ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಹೊಸ ಡಾಟ್ ೩ ದ್ರವ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದು. ತೇವ ಹೀರಿಕೊಂಡ ಮೇಲೆ ಆ ಮಿತಿ ೧೪೦ ಡಿಗ್ರಿಯವರೆಗೆ ಇಳಿಯಬಹುದು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮೇಲಿಂದ ಮೇಲೆ ಬ್ರೇಕ್ ಒತ್ತಿದರೆ ಚಕ್ರದ ಬಳಿ ಕಾವೇರಿ ದ್ರವ ಕುದಿದು, ಆವಿಯ ಗುಳ್ಳೆಗಳಿಂದ ಪೆಡಲು ಪೊಳ್ಳಾಗುತ್ತದೆ. ಆದುದರಿಂದ ಸೋರದಿದ್ದರೂ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು ಕ್ಷೇಮ. ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಡಬ್ಬಿಯ ದ್ರವವನ್ನು ಉಳಿತಾಯವೆಂದು ಹಾಕಬೇಡಿ. ನಮ್ಮ ಕಾರಿಗೆ ಮೇಸ್ತ್ರಿಗಳು ಹಿಂದಿನ ಎರಡೂ ಚಕ್ರಗಳ ಸಿಲಿಂಡರುಗಳನ್ನು ಬದಲಾಯಿಸಿದರು. ಒಂದು ಕೆಟ್ಟ ವಯಸ್ಸಿಗೆ ಇನ್ನೊಂದೂ ಬಂದಿರುತ್ತದೆಂದರು. ದ್ರವದಲ್ಲಿ ತೊಯ್ದ ಶೂಗಳನ್ನು ಒರೆಸಿ ಮತ್ತೆ ಹಾಕಲಿಲ್ಲ, ಹೊಸದನ್ನೇ ಹಾಕಿದರು. ಕೊನೆಗೆ ಕೊಳವೆಯಲ್ಲಿ ಸೇರಿದ್ದ ಗಾಳಿಯನ್ನೆಲ್ಲ ತೆಗೆದು, ಪೆಡಲು ಗಟ್ಟಿಯಾದ ಮೇಲೆ ತಾವೇ ಒಂದು ಸುತ್ತು ನಡೆಸಿ ನೋಡಿ ಬೀಗದ ಕೈ ಕೊಟ್ಟರು.

ಇನ್ನುಳಿದ ದೀಪಗಳ ವಿಷಯವನ್ನೂ ಚಿಕ್ಕದಾಗಿ ಹೇಳುತ್ತೇವೆ. ಎಣ್ಣೆಯ ಗಿಂಡಿಯಂಥ ಕೆಂಪು ದೀಪ ಎಂಜಿನ್ ಆಯಿಲಿನ ಒತ್ತಡಕ್ಕೆ ಸಂಬಂಧಿಸಿದ್ದು. ಅದು ಹತ್ತಿದ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಬೇಕು; ಒಂದೆರಡು ಮೈಲಿ ಹೋಗೋಣವೆಂದರೆ ಎಂಜಿನ್ನೇ ಹಿಡಿದುಕೊಂಡೀತು. ಸ್ವಲ್ಪ ಹೊತ್ತು ಬಿಟ್ಟು ಅಳತೆಯ ಕಡ್ಡಿ ತೆಗೆದು ನೋಡಿ. ಆಯಿಲ್ ಸರಿಯಿದ್ದರೂ ದೀಪ ಹತ್ತಿದರೆ ಸ್ವಿಚ್ಚು ಕೆಟ್ಟಿರಲೂಬಹುದು, ನಿಜವಾಗಿಯೂ ಒತ್ತಡ ಇಲ್ಲದಿರಲೂಬಹುದು. ಮೀಟರು ಹಾಕಿ ಒತ್ತಡ ಅಳೆಯುವವರೆಗೆ ಸ್ವಿಚ್ಚೇ ಕೆಟ್ಟಿದೆಯೆಂದು ತೀರ್ಮಾನಿಸಬೇಡಿ. ಬ್ಯಾಟರಿಯ ಚಿತ್ರದ ದೀಪ ಎಂಜಿನ್ ಓಡುವಾಗ ಹತ್ತಿದರೆ ಚಾರ್ಜು ಆಗುತ್ತಿಲ್ಲವೆಂದು ಅರ್ಥ. ಅನೇಕರು ಕೂಡಲೇ ಹೊಸ ಬ್ಯಾಟರಿ ಕೊಳ್ಳುತ್ತಾರೆ. ಮೊದಲು ನೋಡಬೇಕಾದದ್ದು ಆಲ್ಟರ್ನೇಟರಿನ ಬೆಲ್ಟು ಮತ್ತು ತಂತಿಗಳು. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು ೧೪ ವೋಲ್ಟ್ ಇರಬೇಕು. ಹಲವು ಹಳೆಯ ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ. ಅದು ತುಂಡಾಗಿದ್ದರೆ ಎಂಜಿನ್ ಕಾಯುವುದಕ್ಕೆ ಹೆಚ್ಚು ಹೊತ್ತು ಬೇಡ. ಸಾಮಾನ್ಯವಾಗಿ ಕೆಂಪು ದೀಪ "ನಿಲ್ಲು" ಎನ್ನುತ್ತದೆ, ಹಳದಿ ದೀಪ "ಬೇಗ ತೋರಿಸು" ಎನ್ನುತ್ತದೆ.

ಹತ್ತುವ ದೀಪದಷ್ಟೇ ಹತ್ತದ ದೀಪಕ್ಕೂ ಅಂಜಬೇಕು. ಬೀಗದ ಕೈಯನ್ನು ತಿರುಗಿಸಿ ಎಂಜಿನ್ ಹೊರಡಿಸುವ ಮುಂಚೆ ಆಯಿಲು, ಬ್ಯಾಟರಿಯ ದೀಪಗಳು ಹತ್ತಬೇಕು, ಹೊರಟ ಮೇಲೆ ಆರಬೇಕು. ಹ್ಯಾಂಡ್‌ಬ್ರೇಕ್ ಎತ್ತಿದಾಗ ಬ್ರೇಕಿನ ದೀಪ ಹತ್ತಬೇಕು. ಹತ್ತದಿದ್ದರೆ ಬಲ್ಬು ಸುಟ್ಟಿದೆ ಅಥವಾ ನಮ್ಮಂಥ ಬುದ್ಧಿವಂತರೊಬ್ಬರ ಮಾತು ಕೇಳಿ ಯಾರೋ ತೆಗೆಸಿದ್ದಾರೆ. ಹಳೆಯ ಕಾರು ಕೊಳ್ಳುವವರು ಇದನ್ನು ತಪ್ಪದೆ ನೋಡಬೇಕು.

ಶರಣಬಂಧುಗಳೇ, ಮನೆಯೂ ಒಂದು ಗಾಡಿಯಂತೆ. ಅಲ್ಲಿಯೂ ದೀಪಗಳು ಹತ್ತುತ್ತವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಕಥೆ ನಿಮಗೆಲ್ಲ ತಿಳಿದದ್ದೇ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಎಚ್ಚರಿಸಿದರು. ಮಾರಯ್ಯನವರ ಹಿರಿಮೆ ಇರುವುದು ಅಕ್ಕಿ ಆಯ್ದುದರಲ್ಲಿ ಮಾತ್ರವಲ್ಲ, ಮನೆಯೊಳಗಿನಿಂದ ಬಂದ ಆ ಎಚ್ಚರಿಕೆಯನ್ನು ಕೇಳಿ ಹಿಂದಿರುಗಿದುದರಲ್ಲಿಯೂ ಇದೆ. ಹೆಂಡತಿಯ ಮಾತೆಂದು ಅವರು ಕಡೆಗಣಿಸಲಿಲ್ಲ. ನಾವೋ, ಅದೇ ಕಥೆಯನ್ನು ಮೊದಲ ಸೋಮವಾರ ಹೊಳೆನರಸೀಪುರದ ವೇದಿಕೆಯಲ್ಲಿ ಕಣ್ಣಲ್ಲಿ ನೀರು ಬರುವಂತೆ ಹೇಳಿ, ಎರಡನೆಯ ಸೋಮವಾರ ಗೊರೂರಿನ ತಿರುವಿನಲ್ಲಿ ಪಕ್ಕದಲ್ಲೇ ಕುಳಿತ ಮಗುವಿನ ಮಾತನ್ನು ತಳ್ಳಿಹಾಕಿದೆವು. ಅವಳು ಕಣ್ಣಾರೆ ಕಂಡದ್ದನ್ನು ಹೇಳಿದಳು. ನಾವು ಕಾಣದೆ ತೀರ್ಮಾನ ಹೇಳಿದೆವು. ವಯಸ್ಸೂ ವಿದ್ಯೆಯೂ ನಮ್ಮ ಕಡೆ ಇದ್ದವು, ಸತ್ಯ ಅವಳ ಕಡೆ ಇತ್ತು.

ಇನ್ನೊಂದು ಮಾತು. ಆ ಮೇಸ್ತ್ರಿಗಳು ಮೊದಲು ಮಾಡಿದ ಕೆಲಸ ಮಗುವನ್ನು ಕರೆದು ಕೇಳಿದ್ದು. ಗಾಡಿ ನಡೆಸಿದವರಿಗೆ ಗೊತ್ತಿರುವುದು ಗಾಡಿ ಬಿಚ್ಚುವವರಿಗೆ ಗೊತ್ತಿರದೆಂಬ ವಿನಯ ಅದು. ಕೈಗೆ ಮಸಿ ಹತ್ತಿಸಿಕೊಂಡು ದುಡಿಯುವ ಆ ಹಿರಿಯರಲ್ಲಿ ನಾವು ಕಾಯಕದ ಅರ್ಥವನ್ನು ಹೊಸದಾಗಿ ಕಂಡೆವು. ಮಾಡಿದ ಕೆಲಸಕ್ಕೆ ನ್ಯಾಯವಾದ ಹಣ ತೆಗೆದುಕೊಂಡರು. ಎರಡು ಗಂಟೆ ನಮಗೆ ಹೇಳಿದ ಪಾಠಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಕೊನೆಯ ಸೋಮವಾರ ಹಾಸನದ ಪ್ರವಚನದಲ್ಲಿ ನಾವು ಈ ಪ್ರಸಂಗವನ್ನೇ ಎತ್ತಿಕೊಂಡೆವು. ಸಭೆಯ ಮುಂದೆ ಆ ಮಗುವನ್ನು ಎದ್ದು ನಿಲ್ಲಿಸಿ, "ನಿನ್ನ ಮಾತು ಕೇಳದೆ ಹೋದೆವು ತಾಯಿ, ತಪ್ಪಾಯಿತು" ಎಂದೆವು. ಅವಳು ನಾಚಿ ತಲೆತಗ್ಗಿಸಿ, "ತಾತ, ಬಲ್ಬು ತೆಗೆಸಬೇಡಿ ಎಂದು ನಾನೂ ಅಂದೇ ನೇರವಾಗಿ ಹೇಳಬೇಕಾಗಿತ್ತು, ಹೆದರಿಕೊಂಡೆ" ಎಂದಳು. ಅದನ್ನು ಕೇಳಿ ನಮಗೆ ಹೆಚ್ಚಿನ ನೋವಾಯಿತು. ನಮ್ಮ ಮನೆಗಳಲ್ಲಿ ಎಷ್ಟು ಜನ ಮಕ್ಕಳು, ಸೊಸೆಯರು, ಕಿರಿಯರು ಕಂಡದ್ದನ್ನು ಹೇಳಲು ಹೆದರಿಕೊಂಡು ಕುಳಿತಿದ್ದಾರೋ! ಹೇಳಿದ ಒಡನೆ ಅವರ ಬಾಯಿ ಮುಚ್ಚಿಸುವುದು ಬಲ್ಬು ಬಿಚ್ಚಿಡುವುದಕ್ಕಿಂತ ಬೇರೆಯಲ್ಲ. ದೀಪ ಕಾಣದಾಗುತ್ತದೆ, ಸೋರಿಕೆ ನಿಲ್ಲುವುದಿಲ್ಲ.

ಈ ತಿಂಗಳು ಬಿಡುವು ಮಾಡಿಕೊಂಡು ಒಮ್ಮೆ ನಿಮ್ಮ ಕಾರಿನ ಬಾನೆಟ್ ತೆರೆದು ಆ ಪುಟ್ಟ ಡಬ್ಬಿಯ ಗೆರೆಯನ್ನು ನೋಡಿ. ಮನೆಯ ಮಕ್ಕಳನ್ನೂ ಜೊತೆಗೆ ನಿಲ್ಲಿಸಿಕೊಂಡು ತೋರಿಸಿ. ಅವರು ಏನಾದರೂ ಕೇಳಿದರೆ, ಹೇಳಿದರೆ, ಪೂರ್ತಿ ಕೇಳಿ.